ತವರಿಗೆ ಬಂದ ಒಲೆ

ನಮ್ಮ ಮನೆಯವರು ಲಾರಿ ಹೊಡೆಯುವುದನ್ನು ಬಿಟ್ಟ ಮೇಲೆ ಒಂದು ವರ್ಷವೂ ಸುಮ್ಮನೆ ಕೂಡ್ರಲಿಲ್ಲ. ಯಾವುದೋ ಕಾಲೇಜಿನವರು ಮಾರಿದ ಹಳೆಯ ಬಸ್ಸು ತಂದರು. ಗದಗಿನ ಗ್ಯಾರೇಜಿನಲ್ಲಿ ಸೀಟು ಕೀಳಿಸಿ, ಮಂಚ ಹಾಕಿಸಿ, ಗ್ಯಾಸಿನ ಒಲೆ ಕೂರಿಸಿ, ಹಿಂದೆ ಒಂದು ಸಂಡಾಸು ಕೂಡ ಮಾಡಿಸಿದರು. ಬೆಟಗೇರಿಯ ನಮ್ಮ ಓಣಿಯೊಳಗೆ ಅದು ತಿರುಗಲಿಲ್ಲ. ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ನನ್ನನ್ನು ಕರೆದರು.

"ನೋಡು, ಇನ್ನ ಲಾಡ್ಜಿಲ್ಲ, ಹೋಟೆಲ್ಲಿಲ್ಲ. ಮನೀನ ನಮ್ಮ ಸಂಗಾಟ ಬರ್ತೈತಿ."

ಅದೇ ನನ್ನ ತಕರಾರು. ನಾನು ಊರಿಗೆ ಹೋಗುವುದೇ ಮನೆ ಬಿಟ್ಟು ನಾಲ್ಕು ದಿನ ಇರಲಿಕ್ಕೆ. ಮನೆಯೂ ಬೆನ್ನು ಹತ್ತಿ ಬಂದರೆ ಹೋಗುವುದು ಯಾತಕ್ಕೆ?

ಲಕ್ಷ್ಮೇಶ್ವರದಲ್ಲಿ ಮಗಳ ಮನೆಯ ಮುಂದೆ ನಿಲ್ಲಿಸಿದಾಗ ಬೀಗರ ಓಣಿಯೆಲ್ಲ ಬಂತು. ಮಂಚ ಒತ್ತಿ ನೋಡಿದರು, ನಲ್ಲಿ ತಿರುವಿ ನೋಡಿದರು, ಸಂಡಾಸಿನ ಬಾಗಿಲು ತೆರೆದು ಮುಚ್ಚಿದರು. ಇವರು ಹೊಗಳಿಸಿಕೊಂಡರು, ನಾನು ಚಹಾ ಸೋಸಿದೆ. ಶಿರಹಟ್ಟಿಯ ನೆಂಟರ ಮನೆಯ ಮುಂದೆಯೂ ಅದೇ ಹಾಡು. ರೊಟ್ಟಿಯ ಕಥೆ ಇನ್ನೂ ಕೆಟ್ಟದ್ದು. ಒಲೆಯ ಕಟ್ಟೆ ನನ್ನ ಎದೆಮಟ್ಟ ಇದೆ. ನಾನು ಹುಟ್ಟಿದಾಗಿನಿಂದ ಕೂತು ರೊಟ್ಟಿ ಬಡಿದವಳು. ನಿಂತು ಬಡಿದರೆ ಬಸ್ಸಿನ ತಗಡು ಡಬಡಬ ಎನ್ನುತ್ತದೆ. ಒಳಗೇನು ರಿಪೇರಿ ನಡೆದಿದೆಯೋ ಎಂದು ದಾರಿಯಲ್ಲಿ ಹೋಗುವವರು ಬಗ್ಗಿ ನೋಡುತ್ತಾರೆ.

ಡಂಬಳ ನನ್ನ ತವರು. ಅಣ್ಣ, ಅತ್ತಿಗೆ ಇದ್ದಾರೆ. ನಮ್ಮ ಮನೆಯಲ್ಲಿ ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಅಡುಗೆ ನನ್ನದೇ. ಕೂತಲ್ಲಿಗೆ ನನಗೆ ಬಿಸಿ ರೊಟ್ಟಿ ಬರುವ ಮನೆ ಭೂಮಿಯ ಮೇಲೆ ಅದೊಂದೇ. ವರ್ಷಕ್ಕೊಮ್ಮೆ ಹೋಗಿ ನಾಲ್ಕು ದಿನ ಉಂಡು, ಉಡಿ ತುಂಬಿಸಿಕೊಂಡು ಬರುತ್ತೇನೆ. ಈ ಸಲ ಅಲ್ಲಿಗೂ ಬಸ್ಸೇ ಹೊರಟಿತು.

ಅಣ್ಣನ ಓಣಿಯಲ್ಲಿ ಕರೆಂಟಿನ ತಂತಿ ಜೋತುಬಿದ್ದಿವೆ. ಬಸ್ಸನ್ನು ಕೆರೆಯ ಕಡೆ ನಿಲ್ಲಿಸಿದರು. ನಾನು ಚೀಲ ಹಿಡಿದು ಇಳಿಯುವವಳಿದ್ದೆ.

"ನಾ ಗಾಡಿ ಬಿಟ್ಟ ಬರಾಂಗಿಲ್ಲ. ಹುಡುಗ್ರು ಟಾಪ್ ಹತ್ತತಾವು. ಎರಡ ರೊಟ್ಟಿ ಬಡದ ಕೊಟ್ಟ ಹೋಗು."

"ಅಲ್ರಿ, ತವರೂರಾಗ ಬಂದ ನಾ ಒಲಿ ಹಚ್ಚಿದ್ರ ಅತ್ತಿಗಿ ಏನಂದಾಳು?"

"ಯಾರ ನೋಡ್ತಾರ? ಜಲ್ದಿ ಬಡಿ."

ನೋಡುವುದು ಬೇಕಿರಲಿಲ್ಲ, ತಗಡಿನ ಡಬಡಬ ಕೇಳಿಸಿತು. ಬಸ್ಸು ಬಂದಿದ್ದು ತಿಳಿದು ಅತ್ತಿಗೆ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ಬರುತ್ತಿದ್ದಳು. ಬಾಗಿಲಲ್ಲಿ ನಿಂತು ನನ್ನ ಹಿಟ್ಟಿನ ಕೈ ನೋಡಿದಳು.

"ಏನ ಬೇ, ಒಲಿ ಹೊತಗೊಂಡ ಬಂದೀಯಲ್ಲ! ನಮ್ಮ ಮನ್ಯಾಗ ಜ್ವಾಳ ತೀರ್ಯಾವಂತ ಯಾರ ಖಬರ ಕೊಟ್ರು?"

"ಇವ್ರಿಗೆ ಹಸಿವಾಗಿತ್ತ ಅತ್ತಿಗಿ..."

"ಹಸದವ್ರು ಮನಿಗೆ ಬರ್ತಾರ. ಉಣ್ರಿ, ಉಣ್ರಿ."

ಬುಟ್ಟಿ ಇಳಿಸಲೇ ಇಲ್ಲ, ತಿರುಗಿ ಹೋದಳು.

"ಬುಟ್ಟಿಯರ ಇಟ್ಟ ಹೋಗಬೇಕಿತ್ತ" ಎಂದರು ಇವರು.

ಹಂಚಿನ ಮೇಲಿನ ರೊಟ್ಟಿ ಅರ್ಧ ಹಸಿ ಇರುವಾಗಲೇ ಗ್ಯಾಸು ಬಂದ್ ಮಾಡಿದೆ. ಲೈಟರು, ಕಡ್ಡಿಪೆಟ್ಟಿಗೆ, ಚಹಾಪುಡಿ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಇಳಿದೆ.

ಅಣ್ಣನ ಮನೆಯಲ್ಲಿ ಅತ್ತಿಗೆ ಒಲೆಯ ಮುಂದೆ ನನಗೆ ಬೆನ್ನು ಕೊಟ್ಟು ಕೂತಿದ್ದಳು.

"ಬೈಯೂದಿದ್ರ ಉಂಡ ಮ್ಯಾಲ ಬೈ. ನನಗ ಹಸಿವಾಗೈತಿ" ಎಂದೆ.

"ನೀ ಬಡದಿದ್ದ ಎಲ್ಲಿ?"

"ಅಲ್ಲೇ ಐತಿ. ಬೇಕಾದವ್ರು ತಿನ್ಲಿ."

ಬುಟ್ಟಿಯೊಳಗಿನ ರೊಟ್ಟಿ ತೆಗೆದು ತಾಟಿಗೆ ಹಾಕಿದಳು. ಆಮೇಲೆ ತಾಟು ನನ್ನ ಕಡೆ ನೂಕಿದಳು. ಎರಡನೆಯ ರೊಟ್ಟಿ ಮುರಿಯುವಾಗ ಇವರು ಕೀಲಿಕೈ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಲೈಟರನ್ನೂ ನನ್ನನ್ನೂ ಕರೆದೊಯ್ಯಲಿಕ್ಕೆ ಬಂದವರು.

"ಬರ್ರಿ, ಕುಂಡ್ರಿ. ಗಾಡಿಗೆ ಯಾರ್ನ ಕಾವಲಿಟ್ಟ ಬಂದ್ರಿ?" ಎಂದಳು ಅತ್ತಿಗೆ.

ಉಂಡರು, ಓಣಿಯ ಕಡೆ ಕಣ್ಣಿಟ್ಟುಕೊಂಡೇ. ನನಗೆ ಒಂದು ರಾತ್ರಿ ಸಿಕ್ಕಿತು. ಮರುದಿನ ಮುಂಜಾನೆಯೇ ಗಾಡಿಯ ಗ್ಲಾಸಿಗೆ ಯಾರೋ ಕೈ ಹಚ್ಚಿದ್ದಾರೆಂದು ಹೊರಡಿಸಿದರು. ಅತ್ತಿಗೆ ಗಡಿಬಿಡಿಯಲ್ಲಿ ಕುಬಸ, ಕೊಬ್ಬರಿ ಬಟ್ಟಲು, ಅಕ್ಕಿ ಹಾಕಿ ಉಡಿ ತುಂಬಿದಳು. "ಮುಂದಿನ ಸಲ ಬರಿಗೈಲೆ ಬಾ" ಎಂದಳು. ನಾಲ್ಕು ದಿನದ ರೊಟ್ಟಿ ಒಂದು ರಾತ್ರಿಗೆ ಮುಗಿಯಿತು.

ಗದಗ ಮುಟ್ಟಿದ ಕೂಡಲೇ ಇವರು ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಇನ್ನೊಂದು ಲೈಟರು ಕೊಂಡು ತಮ್ಮ ಸೀಟಿನ ಬದಿಗೆ ಇಟ್ಟುಕೊಂಡರು. ಒಲೆ ಹಚ್ಚುವುದು ಅವರಿಗೆ ಬರುವುದಿಲ್ಲ. ಅದು ನನ್ನ ಕೈಗೆ ಕೊಡಲಿಕ್ಕೆ.

ಮುಂದಿನ ಸಲ ಡಂಬಳಕ್ಕೆ ನಾನು ಸರಕಾರಿ ಬಸ್ಸಿನಲ್ಲಿ ಹೋಗುವವಳು. ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟೆ. ಸೀಟು ಸಿಗದಿದ್ದರೆ ನಿಂತೇ ಹೋಗುತ್ತೇನೆ. ಅದರಲ್ಲಿ ಒಲೆ ಇಲ್ಲ, ಅಷ್ಟು ಸಾಕು.