ನೋರೀನ್ ಎತ್ತಿದ ಚೀಟಿ

ನ್ಯೂಯಾರ್ಕ್ ರಾಜ್ಯದ ಗುಡ್ಡಗಾಡಿನ ನಮ್ಮೂರಲ್ಲಿ ಅರ್ಧ ಜನ ಶಾಲೆಯಲ್ಲಿ ನೋರೀನ್ ಬಡಿಸಿದ್ದು ತಿಂದೇ ಬೆಳೆದವರು. ಅಂಗಡಿಯೊಂದರಲ್ಲಿ ಯಾವನೋ ರೈಫಲ್ ಹಾರಿಸಿ ಅವಳ ಮಗಳು ಟೆಸ್ಸಾಳನ್ನು ಕೊಂದ. ಮಣ್ಣು ಮಾಡುವ ಖರ್ಚಿಗೆಂದು ನಾವು ಲಾಟರಿ ಇಟ್ಟೆವು. ಶಾಲೆಗಾದರೂ ಸಾವಿಗಾದರೂ ನಮ್ಮಲ್ಲಿ ಬಹುಮಾನ ಒಂದೇ: ರೈಫಲ್.

“ಟೆಸ್ಸಾನ ಕೊಂದವನ ಹತ್ರ ಇದ್ದದ್ದೂ ಇಂಥದ್ದೇ ಅಲ್ವೇನೋ?” ಎಂದಳು ನೋರೀನ್, ಬಹುಮಾನಕ್ಕಿಟ್ಟ ರೈಫಲ್ ನೋಡಿ.

“ಛೇ, ಅದಕ್ಕೆ ಕೆಳಗೊಂದು ಪಿಸ್ತೂಲಿನಂಥ ಹಿಡಿ ಇತ್ತು ಕಣೆ,” ಎಂದ ಬಂದೂಕಿನಂಗಡಿಯ ವೆಂಡಲ್. “ಹಿಡಿ ಇದ್ರೆ ಕಾನೂನಲ್ಲಿ ದಾಳಿ ಬಂದೂಕು, ಮಾರೋ ಹಾಗಿಲ್ಲ. ಇದಕ್ಕಿಲ್ಲ ನೋಡು, ಇದು ಬೇಟೆದು. ಗೊತ್ತಿಲ್ದೆ ಮಾತಾಡ್ಬೇಡ.”

“ಗುಂಡು?”

“ಗುಂಡು ಅದೇ.”

ಚೀಟಿ ಎತ್ತುವ ಮರ್ಯಾದೆಯನ್ನೂ ಅವಳಿಗೇ ಕೊಟ್ಟೆವು, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಗೆದ್ದ ಹಾರ್ಲನ್ ರೈಫಲ್ಲನ್ನು ಎದೆಗವಚಿಕೊಂಡು ಅವಳ ಕೈ ಕುಲುಕಿದ.

“ಏನು ಕೈಗುಣ ಕಣೆ ನಿಂದು, ನೋರೀನ್!”