ಬಾಯಿ ಹೇಳಿದ್ದು, ನಾನಲ್ಲ

ಸಾಂತಾಕ್ರೂಜ್‌ನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯ ಮಂಗಳೂರಿನ ಬಾಯಮ್ಮ ದಿನಾ ಸಂಜೆ ಜಪಸರ ಹಿಡಿದು ಕೂರುತ್ತಿದ್ದರು. ನಡುವೆ ಒಲೆಯ ಮೇಲಿನ ಮೀನು ನೆನಪಾದರೆ ಒಂದು ಮಣಿ ಹಿಂದಕ್ಕೆ ಸರಿಸಿ ಆ ಜಪ ಮತ್ತೆ ಹೇಳಲು ಹೊರಟು, "ಬಾಯಿ ಹೇಳಿದ್ದು ಮಾರಾಯ್ತಿ, ನಾನಲ್ಲ" ಎಂದು ನನ್ನತ್ತ ನೋಡಿ ನಗುತ್ತಿದ್ದರು.

ಒಮ್ಮೆ ನಲ್ಲಿಯ ನೀರಿಗಾಗಿ ಅವರಿಗೂ ಅಮ್ಮನಿಗೂ ಜಗಳವಾಗಿ ಮಾತು ನಿಂತಿತು. ಅಮ್ಮನಿಗೆ ಆಪರೇಷನ್ ಆಗಬೇಕೆಂಬುದು ವಾರದೊಳಗೆ ಚಾಳಿಗೆಲ್ಲ ಗೊತ್ತಾಯಿತು. ಆ ಸಂಜೆ ಗೋಡೆಯಾಚೆಯ ಜಪ ಅರ್ಧಕ್ಕೇ ನಿಂತು, ಬಾಯಮ್ಮ ನಮ್ಮ ಬಾಗಿಲಿಗೆ ಬಂದರು.

"ನಿಮಗಾಗಿ ಜಪ ಹೇಳ್ತಾ ಇದ್ದೆ. ಹೊಟ್ಟೆಯಲ್ಲಿ ಸಿಟ್ಟು ಹಾಗೇ ಉಂಟು. ಬಾಯಿ ಹೇಳಿದ್ದು, ನಾನಲ್ಲ. ನನ್ನದು ತಪ್ಪಾಯ್ತು."

ಅಮ್ಮ ಚಹಾಕ್ಕಿಟ್ಟಳು. ಬಾಯಮ್ಮ ಕೂರಲಿಲ್ಲ.

"ಮೊದಲಿಂದ ಹೇಳಬೇಕು" ಎಂದು ಹೊರಟರು.

ಗೋಡೆಯಾಚೆ ಕೊನೆಯ ಮಣಿ ಮುಗಿಯುವವರೆಗೂ ಅಮ್ಮ ಅವರ ಚಹಾವನ್ನು ಮುಚ್ಚಿಟ್ಟು ಕಾದಳು.