ಓಕ್ ಮರದ ಬುಡದ ತರಗೆಲೆ

ತೋಟದ ಕೆಲಸದವನ ಮೇಲೆ ತಪ್ಪು ಬಿದ್ದಾಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಪರದೆಯ ಹಿಂದೆ ನಿಂತು ನೋಡಿದೆ.

೨೦೦೫ರಲ್ಲಿ ತಂಗಿಯ ಬಾಣಂತನಕ್ಕೆಂದು ಅಮೆರಿಕದ ಸ್ಯಾನ್ ಡಿಯೇಗೋಗೆ ಹೋಗಿದ್ದೆ. ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ ಅವಳ ಮನೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳು ಸಲಮಾಂಡರ್ ಎಂಬ ಜೀವಿಯ ಮೇಲೆ ಓದಿ, ಯುರೋಪಿನ ಕಾಡುಗಳಲ್ಲಿ ಅಲೆದು ಬಂದವಳು. ಮಗುವಿಗೆ ಹಾಲೂಡಿಸುತ್ತಾ ಅದರ ಕಥೆ ಹೇಳುತ್ತಿದ್ದಳು. ಅಲ್ಲಿಯವು ಕಪ್ಪು ಮೈಗೆ ಅರಿಶಿನ ಚೆಲ್ಲಿದಂತೆ ಇರುತ್ತವಂತೆ. ಹಗಲೆಲ್ಲ ಉದುರಿದೆಲೆಯ ಕೆಳಗೆ, ಕೊಳೆತ ದಿಮ್ಮಿಯ ಅಡಿಯಲ್ಲಿ ತಣ್ಣಗಿದ್ದು, ಮಳೆ ಬಿದ್ದ ಮೇಲೆ ಹೊರಡುತ್ತವಂತೆ. ಮರಿ ಬಿಡುವುದು ಕಾಡಿನ ತೊರೆಯಲ್ಲಿ.

“ಹಲ್ಲಿ ಅನ್ನು,” ಎಂದೆ, ಫೋಟೋ ನೋಡಿ.

“ಹಲ್ಲಿ ಅಲ್ಲ ಅಕ್ಕ, ಕಪ್ಪೆಯ ಬಳಗ.”

“ಕಪ್ಪೆಗೆ ಬಾಲ ಬಂದದ್ದು ಯಾವಾಗ?”

“ನಗಿಸಬೇಡ ಮಾರಾಯ್ತಿ, ಹೊಲಿಗೆ ನೋಯುತ್ತೆ.”

ಹಿತ್ತಲ ಓಕ್ ಮರದ ಬುಡದಲ್ಲೂ ಅವುಗಳ ನೆಂಟರಿದ್ದವು, ಎರೆಹುಳದಷ್ಟು ಸಣ್ಣವು, ತೊರೆ ಬೇಡದವು. ಅವಕ್ಕೆಂದೇ ತರಗೆಲೆ, ಹಳೇ ದಿಮ್ಮಿ ಎಲ್ಲ ಹಾಗೇ ಬಿಟ್ಟಿದ್ದಳು. ಆ ಮೂಲೆ ಮುಟ್ಟಬೇಡ ಎಂದು ವಾರಕ್ಕೊಮ್ಮೆ ಬರುವ ತೋಟದವನಿಗೂ ಹೇಳಿದ್ದಳು, ನನಗೂ ಹೇಳಿದ್ದಳು.

ನಾಮಕರಣಕ್ಕೆ ಅವಳ ಅತ್ತೆ ಕಲ್ವರ್ ಸಿಟಿಯಿಂದ ಬರುವವರಿದ್ದರು. ಬೀಗರು ಬರುವ ಮನೆಯ ಹಿತ್ತಲಲ್ಲಿ ಕಸದ ಗುಡ್ಡೆಯೇ? ಅಕ್ಕ ಇದ್ದೂ ಹೀಗೆ ಎಂದುಬಿಟ್ಟರೆ? ತಂಗಿ ಮಲಗಿದ್ದಾಗ ಎಲ್ಲ ಗುಡಿಸಿ ಚೀಲಕ್ಕೆ ತುಂಬಿದೆ. ದಿಮ್ಮಿಯ ಕೆಳಗೆ ಸಬ್ಬಕ್ಕಿ ಪೋಣಿಸಿದಂಥದ್ದೇನೋ ಕಂಡಿತು. ಪೈಪು ಹಿಡಿದು ತೊಳೆದುಬಿಟ್ಟೆ.

ಮಾರನೇ ದಿನ ತೋಟದವನು ಹುಲ್ಲು ಕತ್ತರಿಸಿ ಹೋದ. ಸಂಜೆ ತಂಗಿ ಹಿತ್ತಲಿಗೆ ಹೋದವಳು ಅಳುತ್ತಾ ಬಂದಳು. “ಮಳೆ ಬಿತ್ತಲ್ಲ, ಈಗಷ್ಟೇ ಮೊಟ್ಟೆ ಇಟ್ಟಿದ್ವು ಅಕ್ಕ. ಅಷ್ಟು ಹೇಳಿದ್ರೂ ಗುಡಿಸಿದಾನೆ.”

ಓದಿದ ತಂಗಿಯೆದುರು ದಡ್ಡಿಯಾಗಲು ನನಗೆ ಮನಸ್ಸಾಗಲಿಲ್ಲ. ಮುಂದಿನ ವಾರ ಅವಳು ತೋಟದವನನ್ನು ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬರುವುದು ಬೇಡ ಎಂದಳು. “ನೋ, ನೋ,” ಎಂದು ಎರಡೂ ಕೈ ಆಡಿಸುತ್ತಿದ್ದ, ನನಗಿಂತ ಹಿರಿಯ ಮನುಷ್ಯ. ಕೊನೆಗೆ ಮಿಶಿನ್ನು ಗಾಡಿಗೆ ಏರಿಸಿಕೊಂಡು ಹೋದ.

ನಾಮಕರಣ ಮುಗಿಯಿತು. ಅತ್ತೆಯವರು ಹಿತ್ತಲ ಕಡೆ ತಲೆಯನ್ನೂ ಹಾಕಲಿಲ್ಲ.

ಆಮೇಲೊಂದು ಬೆಳಿಗ್ಗೆ ಆತ ಪಕ್ಕದ ಮನೆಯಲ್ಲಿ ಗಿಡ ಕತ್ತರಿಸುತ್ತಿದ್ದ. ನಮ್ಮ ಕಡೆ ತಿರುಗಲಿಲ್ಲ.

“ನೋಡು, ಮುಖ ತೋರಿಸೋಕೂ ನಾಚಿಕೆ,” ಎಂದಳು ತಂಗಿ.

“ಅವನಲ್ಲ ಕಣೇ,” ಎಂದೆ. “ನಿಮ್ಮತ್ತೆ ಬರ್ತಾರೇಂತ ನಾನೇ ಗುಡಿಸಿದ್ದು. ಮೊಟ್ಟೆ ತೊಳೆದವಳೂ ನಾನೇ.”

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು, “ಚಪ್ಪಲಿ ಹಾಕ್ಕೋ,” ಎಂದಳು.

ಬೇಲಿಯ ಹತ್ತಿರ ಆತ ಕತ್ತರಿ ಇಳಿಸಿ ನಿಂತ. ಇಂಗ್ಲಿಷಿನಲ್ಲಿ ಹೇಳಲು ತಂಗಿ ಜೊತೆಗಿದ್ದಳು. ನಾನು ಕನ್ನಡದಲ್ಲೇ ಹೇಳಿದೆ:

“ಗುಡಿಸಿದ್ದು ನಾನಪ್ಪ. ನೀವು ಬೈಸಿಕೊಳ್ತಿದ್ದಾಗ ಒಳಗೇ ನಿಂತಿದ್ದೆ. ತಪ್ಪಾಯ್ತು.”